ಎಗೊನ್‌ನ ಹಿಮಗಾಡಿಯಲ್ಲಿ ಇಳಿಯದ ಮುಳ್ಳು

ಗುನ್‌ಬೊರ್ಗ್ ಬಗ್ಗೆ ಯಾರಾದರೂ ಬರೆಯಬೇಕಿತ್ತು. ಊರಿನವರೆಲ್ಲ ಹೆದರಿ ದೂರ ನಿಂತಿದ್ದ ಗಾಡಿಯ ಹತ್ತಿರಕ್ಕೆ ಹೋದವಳು ಅವಳೊಬ್ಬಳೇ. ಅದರ ಪಕ್ಕ ಕೂತಿದ್ದವನನ್ನು ನೋಡಿ ಅವಳು ನಗಲಿಲ್ಲ. ನಾನು ಮರ ಕಡಿಯುವವನು, ಬರವಣಿಗೆ ನನ್ನ ಕೆಲಸವಲ್ಲ. ಬೇರೆ ಯಾರೂ ಬರೆಯದ್ದರಿಂದ ನಾನು ಬರೆಯುತ್ತಿದ್ದೇನೆ.

ಹಳೆಯ ಹಾಲಿನ ಡೈರಿಯ ಕಟ್ಟಡದಲ್ಲಿ ಅವಳು ಹಿಮದ ಮೇಲೆ ಓಡುವ ಎಂಜಿನ್ ಗಾಡಿಗಳನ್ನು, ಅಂದರೆ ಹಿಮಗಾಡಿಗಳನ್ನು, ರಿಪೇರಿ ಮಾಡುತ್ತಾಳೆ. ವಯಸ್ಸು ಅರವತ್ತು ದಾಟಿದೆ. ಅವಳದೊಂದು ಪದ್ಧತಿ. ಚಳಿಯಲ್ಲಿ ಕೆಟ್ಟ ಗಾಡಿಯನ್ನು ಚಳಿಯಲ್ಲೇ ನೋಡಬೇಕು. ನಮ್ಮ ಕಡೆ ಗಾಡಿ ಕೆಟ್ಟರೆ ಮೊದಲು ಬೆಚ್ಚಗಿನ ಗ್ಯಾರೇಜಿಗೆ ತಳ್ಳುತ್ತಾರೆ, ಬೆರಳು ಮರಗಟ್ಟಬಾರದಲ್ಲ. ಹಾಗೆ ಬೆಚ್ಚಗೆ ಮಾಡಿ ತಂದವರಿಗೆ ಅವಳ ಬಾಗಿಲಲ್ಲೇ ಬೈಗುಳ.

"ಬೆಚ್ಚಗಾದ್ಮೇಲೆ ಅದು ಒಳ್ಳೇ ಮಗು ಥರ ಕೂತಿರತ್ತೆ. ಇನ್ನೇನ್ ಕೇಳ್ಲಿ ನಾನು ಅದನ್ನ? ಹೊರಗೆ ನಿಲ್ಸು. ನಾಳೆ ಬಾ."

ಎಗೊನ್ ಜನವರಿಯಲ್ಲಿ ಕೋರ್ಪ್ ಗುಡ್ಡದ ಮೇಲೆ ಸತ್ತ. ಟರ್ಬೊ ಹಾಕಿಸಿದ ತನ್ನ ಗಾಡಿಯ ಪಕ್ಕ ಹಿಮದಲ್ಲಿ ಕೂತಿದ್ದ. ಎಂಜಿನ್ ಆಫ್ ಆಗಿತ್ತು. ಹೃದಯ ನಿಂತಿದೆ ಅಂದರು ಡಾಕ್ಟರು. ನಾವು ಗಾಡಿಯನ್ನು ಎಳೆದುಕೊಂಡು ಬಂದು ಅವನ ತಮ್ಮ ಸ್ತೂರೆಯ ಖಾಲಿ ಕೊಟ್ಟಿಗೆಯಲ್ಲಿ ನಿಲ್ಲಿಸಿದೆವು. ಅಣ್ಣತಮ್ಮ ಇಬ್ಬರೇ ಇದ್ದ ಮನೆ ಅದು. ಕೊಟ್ಟಿಗೆಯಲ್ಲಿ ಒಲೆಯಿಲ್ಲ, ಒಳಗೂ ಹೊರಗಿನಷ್ಟೇ ಚಳಿ.

ಕೆಲವು ದಿನ ಕಳೆದ ಮೇಲೆ ಸ್ತೂರೆ ಗಾಡಿಯಲ್ಲೊಂದು ವಿಚಿತ್ರ ಕಂಡ. ಟರ್ಬೊ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಎಷ್ಟು ಒತ್ತಡವಿದೆ ಎಂದು ತೋರಿಸಲು ಹ್ಯಾಂಡಲ್ ಮೇಲೆ ಮುಳ್ಳಿನ ಮೀಟರೊಂದಿದೆ, ಪರದೆಯೂ ಒಂದಿದೆ. ಎಂಜಿನ್ ನಿಂತರೆ ಎರಡೂ ಸೊನ್ನೆಗೆ ಬರಬೇಕು. ಕೀಲಿ ತಿರುಗಿಸಿದರೆ ಪರದೆ ಸೊನ್ನೆ ಅನ್ನುತ್ತಿತ್ತು. ಮುಳ್ಳು ಮಾತ್ರ ಅರ್ಧಕ್ಕಿಂತ ಮೇಲೆ ನಿಂತಿತ್ತು, ಗುಡ್ಡ ಹತ್ತುವಾಗ ನಿಲ್ಲುವ ಹಾಗೆ.

ಎಗೊನ್ ಉಸಿರು ಹಿಡಿದುಕೊಂಡಿದ್ದಾನೆ ಎಂದು ಊರಲ್ಲಿ ಮಾತಾಯಿತು. ಅಂಚೆಯವಳು ಗೇಟಿನಲ್ಲೇ ಕಾಗದ ಇಟ್ಟು ಹೋಗತೊಡಗಿದಳು. ಸ್ತೂರೆಗೆ ಮಾತ್ರ ಹೆದರಿಕೆಯಿರಲಿಲ್ಲ. ಅವನು ಕುರ್ಚಿಯನ್ನು ಕೊಟ್ಟಿಗೆಗೆ ಒಯ್ದ. ಊಟ ಅಲ್ಲೇ, ಹಿಮಸಾರಂಗದ ಚರ್ಮ ಹೊದ್ದು ನಿದ್ದೆಯೂ ಅಲ್ಲೇ. ಚಳಿ ಕಡಿದು ಅವನ ಕಿವಿಯ ತುದಿ ಕಪ್ಪಾಯಿತು.

ಮಾರ್ಚ್ ಮುಗಿಯುವ ಹೊತ್ತಿಗೆ ಸೂರಿನಿಂದ ನೀರು ತೊಟ್ಟಿಕ್ಕತೊಡಗಿತು. ಸೌದೆ ಕೊಡಲು ಹೋದಾಗ ಸ್ತೂರೆ ನನಗೆ ಹೇಳಿದ, "ನಿನ್ನೆ ಬಿಸಿಲಿಗೆ ಮುಳ್ಳು ಒಂಚೂರು ಅಲುಗಾಡ್ತು. ಇಲ್ಲಿ ಸೆಕೆ ಆಗ್ತಿದೆ ಅವನಿಗೆ. ಶನಿವಾರ ಕೋರ್ಪ್ ಗುಡ್ಡಕ್ಕೆ ಎಳ್ಕೊಂಡ್ ಹೋಗ್ತೀನಿ."

"ಆಮೇಲೆ?"

"ಆಮೇಲೇನು, ಅಲ್ಲೇ ಇರ್ತೀನಿ."

ಆ ಗುಡ್ಡದ ಮೇಲೆ ಗುಡಿಸಲೂ ಇಲ್ಲ, ಮರವೂ ಇಲ್ಲ. ನಾನು ನೇರ ಗುನ್‌ಬೊರ್ಗ್ ಹತ್ತಿರ ಹೋದೆ.

ಮಾರನೇ ಬೆಳಿಗ್ಗೆ ಇಬ್ಬರೂ ಹೋದೆವು. ಸ್ತೂರೆ ಬಾಗಿಲಿಗೆ ಅಡ್ಡ ನಿಂತ.

"ಬೆಂಕಿ ಗಿಂಕಿ ತಂದಿಲ್ಲ ತಾನೆ?"

"ಕಾಫಿ ಬಿಟ್ರೆ ಬಿಸಿದು ಏನೂ ಇಲ್ಲ ಕಣೋ," ಅಂದಳು ಗುನ್‌ಬೊರ್ಗ್. "ನಾನಂತೂ ತಣ್ಣಗಾಗಿ ವರ್ಷಗಳಾಯ್ತು. ಬೇಕಾದ್ರೆ ಇಲ್ಲಿರೋ ಈ ಆಲ್ಗೊತ್‌ನ ಕೇಳು."

"ನಂಗೇನ್ ಗೊತ್ತು," ಅಂದೆ.

ಸ್ತೂರೆ ನಗಲಿಲ್ಲ, ಆದರೆ ದಾರಿ ಬಿಟ್ಟ.

ಅವಳು ಗ್ಲೌಸ್ ತೆಗೆಯದೆಯೇ ಮೀಟರಿನ ಗಾಜಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿದಳು. ಮುಳ್ಳು ನಡುಗಿ ಮತ್ತೆ ಅಲ್ಲಿಗೇ ಬಂದು ನಿಂತಿತು.

"ಸಿಕ್ಕಾಕ್ಕೊಂಡಿಲ್ಲ. ಇದು ನಿಜ ಹೇಳ್ತಿದೆ."

ಕೀಲಿ ತಿರುಗಿಸಿದಳು. ಪರದೆಯಲ್ಲಿ ಸೊನ್ನೆ. "ಇದೂ ನಿಜ ಹೇಳ್ತಿದೆ."

ನಾನು ಬಗ್ಗಿ ನೋಡಿದೆ. "ಎರಡೂ ಹೇಗೆ ನಿಜ ಆಗತ್ತೆ?"

"ಎರಡೂ ಒಂದೇ ಗಾಳಿನ ನೋಡ್ತಿಲ್ಲ ಮಾರಾಯ. ಪರದೆ ಎಂಜಿನ್ನಿನ ಒಳಗೇ ನೋಡತ್ತೆ, ಮುಳ್ಳು ನಳಿಕೆ ತುದಿಲಿ."

ಮುಚ್ಚಳ ತೆಗೆದಳು. ಎಂಜಿನ್ನಿನಿಂದ ಮೀಟರಿಗೆ ಸಣ್ಣ ರಬ್ಬರ್ ನಳಿಕೆಯೊಂದು ಹೋಗಿತ್ತು. ಎಗೊನ್ ತಾನೇ ಹಾಕಿದ್ದು, ಬೇಕಾದ್ದಕ್ಕಿಂತ ಉದ್ದ. ನಡುವೆ ಬಟ್ಟೆ ಒಣಹಾಕುವ ಹಗ್ಗದಂತೆ ಜೋತು ಬಿದ್ದಿತ್ತು. ಅವಳು ಅದನ್ನು ಒತ್ತುತ್ತ ಬಂದಳು. ಎಂಜಿನ್ ಕಡೆ ಮೆತ್ತಗಿತ್ತು. ಜೋತ ಜಾಗ ಕಲ್ಲಾಗಿತ್ತು. ಅಲ್ಲಿಂದ ಮೀಟರಿನ ತನಕ ಬಿಗಿಯಾಗಿ ಉಬ್ಬಿತ್ತು.

"ರಾತ್ರಿ ಇದನ್ನ ಎಲ್ಲಿಡ್ತಿದ್ದ?"

"ಗ್ಯಾರೇಜಲ್ಲಿ. ಒಲೆ ಪಕ್ಕ. ಚಳಿ ಆಗತ್ತೆ ಪಾಪ ಅಂತಿದ್ದ."

"ಅದೇ. ಬೆಚ್ಚಗೆ ಇಟ್ಟು ಇಟ್ಟು ಒಳಗೆ ಬೆವ್ರಿದೆ. ನೀರು ಇಲ್ಲಿಗಿಳಿದು, ಗುಡ್ಡದ ಮೇಲೆ ಹೆಪ್ಪುಗಟ್ಟಿ ಬಾಯಿ ಮುಚ್ಕೊಂಡಿದೆ. ಅವನು ಕೊನೇ ಸಲ ಗುಡ್ಡ ಹತ್ತಿದಾಗ ತುಂಬಿದ ಗಾಳಿ ಆಚೆ ಕಡೆ ಹಾಗೇ ಉಳಿದಿದೆ."

ಸ್ತೂರೆ ಉಬ್ಬಿದ ನಳಿಕೆಯ ಮೇಲೆ ಬೆರಳಾಡಿಸಿದ. "ಹಂಗಾದ್ರೆ ಅವನಲ್ಲ ಅಂತೀಯಾ?"

"ನಾನ್ ಹಂಗ್ ಅಂದ್ನಾ? ಗುಡ್ಡಕ್ಕೂ ಬೇಸಿಗೆ ಬರತ್ತೆ ಸ್ತೂರೆ. ಇದು ಅಲ್ಲಿ ತಾನಾಗೇ ಹೋಗತ್ತೆ. ನೋಡೋಕೆ ನೀನಿರಲ್ಲ. ಇಲ್ಲಾದ್ರೆ ನಿನ್ ಕೈಯಾರೆ ಕಳಿಸ್ಬಹುದು."

ನಳಿಕೆ ಕತ್ತರಿಸಲು ಚಾಕು ಅವಳ ಜೇಬಿನಲ್ಲೇ ಇತ್ತು. ತೆಗೆಯಲಿಲ್ಲ. ಎಂಜಿನ್ ಕಡೆಯ ತುದಿಯನ್ನು ಮಾತ್ರ ಬಿಚ್ಚಿ ಹೊರಗೆ ಬಿಟ್ಟಳು. ಆಮೇಲೆ ಕಾಫಿ ಬಗ್ಗಿಸಿ, ನಮ್ಮ ಕಡೆಯ ರೂಢಿಯಂತೆ ಅದರೊಳಗೆ ಗಿಣ್ಣಿನ ತುಂಡು ಹಾಕಿ, ಸ್ತೂರೆಯ ಕೈಗೆ ಕೊಟ್ಟು ಕೂತಳು.

ಅವನು ಕುಡಿದು ಮುಗಿಸಿದ. ಲೋಟದ ತಳದ ಗಿಣ್ಣನ್ನೂ ತಿಂದ. ಲೋಟ ಕೆಳಗಿಟ್ಟು, ಬೆಚ್ಚಗಿದ್ದ ಎರಡೂ ಅಂಗೈಯಲ್ಲಿ ನಳಿಕೆಯ ಜೋತ ಜಾಗವನ್ನು ಹಿಡಿದುಕೊಂಡ. ಹೊರಗೆ ಸೂರಿನ ನೀರಿನ ಸದ್ದೂ ನಿಂತ ಹಾಗಿತ್ತು.

ಮುಳ್ಳು ನಡುಗತೊಡಗಿತು. ಬಿಚ್ಚಿದ ತುದಿಯಿಂದ ಉಸಿರು ಹೊರಟಿತು. ಮೊಳದುದ್ದದ ನಳಿಕೆಯಲ್ಲಿ ಇರುವ ಗಾಳಿಗೆ ಅದು ತೀರ ದೀರ್ಘವಾಗಿತ್ತು. ಭಾರ ಹೊತ್ತು ತಂದು ಇಳಿಸಿದವನು ಬಿಡುವ ಉಸಿರಿನಂತಿತ್ತು. ಅದರ ಹಿಂದೆಯೇ ಹೊಗೆಸೊಪ್ಪಿನ ವಾಸನೆ ಬಂತು, ತುಟಿಯಡಿ ಇಟ್ಟು ನೆನೆದ ಹೊಗೆಸೊಪ್ಪಿನದು. ಎಗೊನ್ ಅದಿಲ್ಲದೆ ಮನೆಯಿಂದ ಹೊರಬಿದ್ದವನಲ್ಲ. ಸ್ತೂರೆ ಅದನ್ನು ಮುಟ್ಟಿದವನಲ್ಲ.

ಮುಳ್ಳು ಸೊನ್ನೆಗೆ ಬಂದು ಮಲಗಿತು.

"ಹೋದ," ಅಂದ ಸ್ತೂರೆ. ಅವನ ಬೆರಳುಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

ಗುನ್‌ಬೊರ್ಗ್ ಆ ನಳಿಕೆ ತೆಗೆದು, ಎಲ್ಲೂ ಜೋಲದಂತೆ ಗಿಡ್ಡನೆಯದೊಂದು ಹಾಕಿದಳು. ಗಾಡಿ ಹೊರಗೆ ತಂದು ಓಡಿಸಿ ನೋಡಿದರೆ ಮುಳ್ಳೂ ಪರದೆಯೂ ಜತೆಯಲ್ಲೇ ಏರಿದವು, ಜತೆಯಲ್ಲೇ ಇಳಿದವು. ಸ್ತೂರೆ ಅವತ್ತು ಮನೆಯೊಳಗೆ ಒಲೆ ಹಚ್ಚಿದ. ಶನಿವಾರ ಗುಡ್ಡಕ್ಕೆ ಹೋಗಲಿಲ್ಲ. ಈಗ ಚಳಿಗಾಲದ ದಾರಿಗೆ ಕೆಂಪು ಗುರುತಿನ ಕಂಬ ನೆಡುವವನು ಅವನೇ, ಅದೇ ಗಾಡಿಯಲ್ಲಿ.

ವಾಪಸ್ಸು ಬರುವಾಗ ನಾನು ಕೇಳಿದೆ, "ವಾಸನೆ ಬಂತಲ್ಲ?"

"ಬಂತು."

"ನಳಿಕೆಯೊಳಗೆ ಅದು ಹೇಗ್ ಬಂತು?"

"ಅದು ಎಂಜಿನ್ನಿನ ಗಾಳಿ. ಅವನ ಬಾಯಿಂದು ಅಲ್ಲಿಗೆ ಹೋಗೋ ದಾರಿನೇ ಇಲ್ಲ." ಸ್ವಲ್ಪ ದೂರ ನಡೆದ ಮೇಲೆ, "ನೋಡ್ಕೊಂಡ್ ನಡಿ, ಜಾರತ್ತೆ," ಅಂದಳು.

ಆ ಹಳೆಯ ನಳಿಕೆ ಅವಳ ಗ್ಯಾರೇಜಿನ ಮೊಳೆಯಲ್ಲಿ ತೂಗುತ್ತಿದೆ. ಎರಡೂ ತುದಿಗೆ ಬಿರಡೆ ಹಾಕಿದ್ದಾಳೆ. ಯಾಕೆ ಎಂದು ನಾನು ಕೇಳಿಲ್ಲ. ನೀವು ನಮ್ಮ ಕಡೆ ಬಂದರೆ ಹಳೆ ಡೈರಿ ಎಲ್ಲಿ ಎಂದು ಕೇಳಿ, ಅವಳನ್ನು ನೋಡಿ ಹೋಗಿ. ಗಾಡಿಯಿದ್ದರೆ ತಣ್ಣಗೇ ತನ್ನಿ. ಕಾಫಿ ಕೊಟ್ಟರೆ ಗಿಣ್ಣಿನ ಸಮೇತ ಮುಗಿಸಿ, ಬಿಟ್ಟರೆ ಅವಳಿಗೆ ಬೇಜಾರಾಗುತ್ತದೆ. ಮೊಳೆಯ ಮೇಲಿರುವುದನ್ನು ಮಾತ್ರ ಮುಟ್ಟಬೇಡಿ.