ಮಂಜುಳಾಗೆ ಹೈದರಾಬಾದಿನಲ್ಲಿ ಒಂದು ಖೋಲಿ

ಕಲಬುರಗಿಯಿಂದ ಬೆಳಗಿನ ಗಾಡಿ ಹಿಡಿದೆವು. ನಾನು, ನನ್ನ ವಿದ್ಯಾರ್ಥಿನಿ ಮಂಜುಳಾ, ಅವಳ ಎರಡು ಚೀಲ, ಹಗ್ಗದಿಂದ ಬಿಗಿದ ಒಂದು ಹಾಸಿಗೆ. ಹೈದರಾಬಾದಿನ ವಿಶ್ವವಿದ್ಯಾಲಯವೊಂದರಲ್ಲಿ ಅವಳಿಗೆ ಪಿಎಚ್.ಡಿ. ಸೀಟು ಸಿಕ್ಕಿತ್ತು. ಮರುದಿನವೇ ಹಾಜರಾಗಬೇಕು, ಹಾಸ್ಟೆಲಿನಲ್ಲಿ ಜಾಗ ಸಿಗಲು ಇನ್ನೂ ಎರಡು ತಿಂಗಳು. ಖೋಲಿ ಸಿಗದಿದ್ದರೆ ಚೀಲ ಹೊತ್ತು ವಾಪಸು ಬರುವುದೇ. ಆ ಚಿಂತೆ ನನಗೆ ಬಿಡು ಎಂದು ನಾನೇ ಎದೆ ತಟ್ಟಿ ಹೇಳಿದ್ದೆ.

ಮಂಜುಳಾ ಹಳಿಯಾಳದ ಕಾಡಂಚಿನ ಸಿದ್ದಿ ಹುಡುಗಿ. ಅವಳ ಹಿರಿಯರನ್ನು ಪೋರ್ಚುಗೀಸರು ಆಫ್ರಿಕಾದಿಂದ ಹಡಗಿನಲ್ಲಿ ತುಂಬಿಕೊಂಡು ಬಂದು ಗೋವಾದಲ್ಲಿ ಮಾರಿದ್ದರು. ತಪ್ಪಿಸಿಕೊಂಡವರು ಘಟ್ಟ ಹತ್ತಿ ಕಾಡು ಸೇರಿದರು. ಅವಳ ಸಂಶೋಧನೆಯ ವಿಷಯವೂ ಇದೇ. ನಾನೋ ಮೂವತ್ತು ವರ್ಷ ಸಮಾಜಶಾಸ್ತ್ರ ಕಲಿಸಿದವನು. 'ಮೊದಲು ಲಾಭ, ಆಮೇಲೆ ಬಣ್ಣದ ಶಾಸ್ತ್ರ' ಎಂದು ಪ್ರತಿ ವರ್ಷ ಹಲಗೆಯ ಮೇಲೆ ಬರೆಯುತ್ತಿದ್ದೆ. ಮನುಷ್ಯನನ್ನು ಮಾರಿ ದುಡ್ಡು ಮಾಡಿದವರು, ಮಾರಿದ್ದು ಸರಿ ಎನ್ನಿಸಲು ಅವನ ಬಣ್ಣ ಕೀಳು ಎಂದರು. ಇದನ್ನು ಹೇಳುವಾಗ ನನ್ನ ದನಿ ತಾನಾಗಿ ಏರುತ್ತಿತ್ತು.

ವಾಡಿಯಲ್ಲಿ ಮಿರ್ಚಿ ಭಜಿ ಕೊಂಡೆವು. ಎದುರಿಗೆ ಕುಳಿತ ಹಿರಿಯರೊಬ್ಬರು ಅವಳನ್ನು ಬಹಳ ಹೊತ್ತು ನೋಡಿ, "ಇವರದು ಯಾವ ದೇಶ?" ಎಂದು ಹಿಂದಿಯಲ್ಲಿ ನನ್ನನ್ನು ಕೇಳಿದರು.

"ಹಳಿಯಾಳ ತಾಲೂಕರೀ ಕಾಕಾ," ಎಂದಳು ಮಂಜುಳಾ. "ಭಜಿ ತಗೋರಿ, ಭಾಳ ಖಾರ ಐತಿ."

ಅವರು ಕಕ್ಕಾಬಿಕ್ಕಿಯಾಗಿ ನಕ್ಕು ಭಜಿ ತೆಗೆದುಕೊಂಡರು. ನಾನು ಬಿಡಬೇಕಲ್ಲ, ತಾಂಡೂರಿನಿಂದ ವಿಕಾರಾಬಾದಿನವರೆಗೆ ಗುಲಾಮಗಿರಿಯ ಚರಿತ್ರೆ ಬಿಚ್ಚಿದೆ. ಪಾಪ, ಅವರು ಕಣ್ಣು ಮುಚ್ಚಿ ನಿದ್ದೆಯ ನಟನೆ ಮಾಡಿದರು.

ಹನ್ನೊಂದರ ಹೊತ್ತಿಗೆ ಲಿಂಗಂಪಲ್ಲಿಯಲ್ಲಿ ಇಳಿದೆವು. ಬಿಸಿಲು ಆಗಲೇ ಸುಡುತ್ತಿತ್ತು. ಇನ್ನೂರು ಕೇಳಿದ ಆಟೊದವನನ್ನು ನೂರೈವತ್ತಕ್ಕೆ ಇಳಿಸಿ ಕೊಂಡಾಪುರಕ್ಕೆ ಹೊರಟೆವು. ಅಲ್ಲಿ ನನ್ನ ಕಾಲೇಜು ದಿನಗಳ ಗೆಳೆಯ ರಾಘಣ್ಣನ ಫ್ಲಾಟು. ಅಜ್ಜನ ಕಾಲದಿಂದ ಹೈದರಾಬಾದಿನಲ್ಲಿ ಸರ್ಕಾರಿ ನೌಕರಿ ಮಾಡಿಕೊಂಡು ಬಂದ ಮನೆತನ. ಹೊರಗೆ ತೆಲುಗು, ಒಳಗೆ ಅಪ್ಪಟ ಕನ್ನಡ. ಅವನ ಮನೆಯ ಒಂದು ಖೋಲಿ ಖಾಲಿ ಇತ್ತು, ವಾರದ ಹಿಂದೆಯೇ ಫೋನಿನಲ್ಲಿ ಮಾತು ಮುಗಿದಿತ್ತು.

ಗೇಟಿನ ವಾಚ್‌ಮನ್ ನನ್ನನ್ನು ಏನೂ ಕೇಳಲಿಲ್ಲ, ಅವಳಿಂದ ಪಾಸ್‌ಪೋರ್ಟ್ ಕೇಳಿದ. ಅವಳು ಆಧಾರ್ ಕಾರ್ಡ್ ತೋರಿಸಿದಳು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಯಾರಿಗೋ ಫೋನು ಮಾಡಿ, ಆಮೇಲೆ ಬಿಟ್ಟ.

ಬಾಗಿಲು ತೆರೆದ ರಾಘಣ್ಣ ನನ್ನನ್ನು ಬಿಟ್ಟು ಅವಳನ್ನೇ ನೋಡಿದ. ಆಮೇಲೆ ಸಾವರಿಸಿಕೊಂಡು, ಚಹಾ ತರಿಸಿ, ಊರು ಕೇರಿ ಎಲ್ಲ ವಿಚಾರಿಸಿದ. ಚಹಾ ಮುಗಿದ ಮೇಲೆ ನನ್ನನ್ನು ಬಾಲ್ಕನಿಗೆ ಕರೆದ.

"ಮೊದಲೇ ಹೇಳಬೇಕಿತ್ತಲ್ಲಪ್ಪಾ."

"ಏನು ಹೇಳಬೇಕಿತ್ತು?"

"ನಾ ಅಂಥಾವ ಅಲ್ಲ, ನಿನಗ ಗೊತ್ತದ. ಸೊಸೈಟಿಯವರು ಕೇಳಂಗಿಲ್ಲ. ಇಂಥವರು ಇರ್ತಾರಂತ ಸುದ್ದಿ ಆತಂದ್ರ ಫ್ಲಾಟಿನ ರೇಟ್ ಬೀಳ್ತದ. ಮಗಳ ಮದುವಿಗೆ ಇದನ್ನ ಮಾರಬೇಕಂತೀನಿ."

ಸಿಡಿಲು ಬಡಿದಂತಾಯಿತು. ಒಟ್ಟಿಗೆ ಊಟ ಮಾಡಿ, ಒಟ್ಟಿಗೆ ಧರಣಿ ಕೂತು ಬೆಳೆದ ಗೆಳೆಯ! ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ತಲೆ ತಗ್ಗಿಸಿ ನಿಂತ, ಖೋಲಿ ಮಾತ್ರ ಕೊಡಲಿಲ್ಲ. ಒಳಗೆ ಬಂದರೆ ಮಂಜುಳಾ ಆಗಲೇ ಹಾಸಿಗೆ ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನಮ್ಮ ಮಾತು ಕೇಳಿಸಿತ್ತು.

ಅಲ್ಲಿಂದ ಒಬ್ಬ ದಲ್ಲಾಳಿ ಕೆಲವು ಮನೆ ಮಾಲೀಕರ ಫೋನ್ ನಂಬರು ಬರೆದ ಚೀಟಿ ಕೊಟ್ಟು, ನಮ್ಮನ್ನು ಮೊದಲು ಟೋಲಿಚೌಕಿಗೆ ಕಳಿಸಿದ. ಆಫ್ರಿಕಾದಿಂದ ಓದಲು ಬಂದವರು ಅಲ್ಲಿ ಸಾಕಷ್ಟಿದ್ದಾರೆ. ಮಾಲೀಕ ನಗುನಗುತ್ತಲೇ ಖೋಲಿ ತೋರಿಸಿದ, ಒಳ್ಳೆಯ ಗಾಳಿ ಬೆಳಕು. ಬಾಡಿಗೆ ಹದಿನಾಲ್ಕು ಸಾವಿರ ಎಂದ. ಪಕ್ಕದ ಅಂಥದೇ ಖೋಲಿಗೆ ಏಳು ಸಾವಿರವಂತೆ, ಅಲ್ಲಿದ್ದವನು ವಾರಂಗಲ್ಲಿನ ಹುಡುಗ. "ಫಾರಿನ್‌ವಾಲೋಂಕಾ ರೇಟ್ ಅಲಗ್ ಹೈ ಸಾಬ್," ಪರದೇಶದವರಿಗೆ ದರ ಬೇರೆ ಎಂದು ಅವನು ವಿವರಿಸಿದ. ಮಂಜುಳಾ ಮತ್ತೆ ಆಧಾರ್ ತೆಗೆದಳು. ಅವನು ಅದನ್ನು ಕೈಯಲ್ಲೂ ಹಿಡಿಯಲಿಲ್ಲ.

"ಕಾರ್ಡ್ ಕೌನ್ ದೇಖ್ತಾ ಅಮ್ಮಾ? ಸೂರತ್ ದೇಖ್ತೇ."

ಕಾರ್ಡು ಯಾರು ನೋಡುತ್ತಾರೆ, ಮುಖ ನೋಡುತ್ತಾರೆ. ಒಬ್ಬನಿಗೆ ಆ ಮುಖದಿಂದ ನಷ್ಟ, ಇನ್ನೊಬ್ಬನಿಗೆ ಅದರಿಂದಲೇ ಎರಡು ಪಟ್ಟು ಲಾಭ. ಹಡಗಿನ ಕಾಲದ ಲೆಕ್ಕವನ್ನು ಪಾಠ ಮಾಡಿದ್ದೆನೇ ಹೊರತು, ಅದು ಎದುರಿಗೆ ನಗುತ್ತ ನಿಲ್ಲುವುದನ್ನು ನೋಡಿರಲಿಲ್ಲ.

ರಸ್ತೆ ಬದಿಯ ಚಹಾದಂಗಡಿಯಲ್ಲಿ ಕುಳಿತೆವು. ಮೂರು ಗಂಟೆಯಾಗಿತ್ತು, ಊಟವಾಗಿರಲಿಲ್ಲ. ರಾಘಣ್ಣನಿಗೆ ನಾನು ಇನ್ನೂ ಬೈಯುತ್ತಲೇ ಇದ್ದೆ.

"ಸರ್, ಅವರಿಗೆ ಫೋನಿನ್ಯಾಗ ನನ್ನ ಬಗ್ಗೆ ಏನಂದಿದ್ರಿ?" ಎಂದು ಕೇಳಿದಳು ಮಂಜುಳಾ.

"ನಮ್ಮ ಕಡೆ ಹುಡುಗಿ, ಭಾಳ ಶಾಣ್ಯಾಕಿ ಅಂದಿದ್ದೆ."

"ಸಿದ್ದಿ ಅಂತ ಹೇಳಿರಲಿಲ್ಲೇನ್ರಿ?"

"ಇಲ್ಲ."

"ಯಾಕ್ರಿ?"

ಮರೆತೆ ಎನ್ನಬಹುದಿತ್ತು. ಆದರೆ ಮರೆತಿರಲಿಲ್ಲ. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು, ಬೇಡ ಎಂದು ನುಂಗಿದ್ದು ನನಗೆ ಚೆನ್ನಾಗಿ ನೆನಪಿತ್ತು.

"ಹೇಳಿದ್ರ ಅವರು ಕೊಡಂಗಿಲ್ಲ ಅಂತ ನಿಮಗ ಗೊತ್ತಿತ್ತರೀ," ಎಂದಳು. ಸಿಟ್ಟಿರಲಿಲ್ಲ, ದಣಿವಿತ್ತು. "ಗೊತ್ತಿದ್ದೂ ನನ್ನ ಅವರ ಬಾಗಿಲಿಗೆ ಒಯ್ದು ನಿಲ್ಲಿಸಿದ್ರಿ."

ನನಗೆ ಅಳು ಬಂತು. ಅವಳು ದಲ್ಲಾಳಿ ಕೊಟ್ಟ ನಂಬರುಗಳ ಚೀಟಿ ತೆಗೆದುಕೊಂಡು, ತನ್ನ ಫೋನಿನಿಂದಲೇ ಒಂದೊಂದಾಗಿ ಹಚ್ಚತೊಡಗಿದಳು. ಪ್ರತಿ ಸಲವೂ ಹಿಂದಿಯಲ್ಲಿ ಮೊದಲಿಗೆ ಅದನ್ನೇ ಹೇಳಿದಳು: ನಾನು ಸಿದ್ದಿ, ಕರ್ನಾಟಕದವಳು, ನೋಡಲು ಆಫ್ರಿಕಾದವರ ಹಾಗಿರುತ್ತೇನೆ, ಖೋಲಿ ಕೊಡುವುದಾದರೆ ಮಾತ್ರ ಬರುತ್ತೇನೆ.

ನಾಲ್ಕು ಜನ ಇಲ್ಲ ಎಂದರು. ಐದನೆಯವರು ಲಿಂಗಂಪಲ್ಲಿಯ ಒಬ್ಬ ನಿವೃತ್ತ ನರ್ಸಮ್ಮ. ನಲ್ಲಿ ನೀರು ಬೆಳಿಗ್ಗೆ ಮಾತ್ರ ಬರುತ್ತದೆ, ನಡೆಯುತ್ತದೆಯೇ ಎಂದಷ್ಟೇ ಕೇಳಿದರು. ನಡೆಯುತ್ತದೆ ಎಂದಳು. ಬಾಡಿಗೆ ಆರು ಸಾವಿರ, ಎಲ್ಲರಿಗೂ ಅಷ್ಟೇ. ಐದೂವರೆಗೆ ಅವಳ ಹಾಸಿಗೆಯನ್ನು ಮೂರನೆಯ ಮಹಡಿಗೆ ನಾನೇ ಹೊತ್ತು ಹಾಕಿದೆ, ಬೇಡವೆಂದರೂ ಬಿಡಲಿಲ್ಲ.

ಸಂಜೆಯ ಗಾಡಿಯಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಹೊರಗೆ ಏನನ್ನೂ ನೋಡಲಿಲ್ಲ. ಇಡೀ ದಿನದ ಅಲೆದಾಟ ತಪ್ಪಿಸಲು ಬೇಕಾಗಿದ್ದದ್ದು ಫೋನಿನಲ್ಲಿ ಒಂದೇ ಒಂದು ಮಾತು. ಅದನ್ನು ಅವಳು ಒಂದೇ ಮಧ್ಯಾಹ್ನದಲ್ಲಿ ಐದು ಸಲ ಹೇಳಿದಳು. ಮೂವತ್ತು ವರ್ಷ ಅದನ್ನೇ ಪಾಠ ಮಾಡಿದ ನನ್ನ ಬಾಯಿಂದ ಒಂದು ಸಲವೂ ಹೊರಡಲಿಲ್ಲ.