ಮೊರದಲ್ಲಿ ಮಾರಿದ ಮಗು

ಚಾಮರಾಜಪೇಟೆಯ ಆ ವಠಾರದಲ್ಲಿ ಯಾರಾದರೂ "ಮಗು ಎಷ್ಟು ಸಾಧು ಕಣ್ರೀ, ಗಲಾಟೇನೇ ಇಲ್ಲ" ಅಂದರೆ ಸಾಕು, ಗಂಗರತ್ನಮ್ಮ ಒಲೆ ಮೇಲಿನ ಸಾರನ್ನೂ ಬಿಟ್ಟು ಎದ್ದು ಬರುತ್ತಿದ್ದಳು. ಯಾರ ಮಗುವಾದರೂ ಸರಿ, ಎತ್ತಿಕೊಂಡು ಅದರ ಜೊತೆ ಮಾತಿಗೆ ಶುರುಮಾಡುತ್ತಿದ್ದಳು. ಈ ಹೆಂಗಸಿಗೆ ಬೇರೆ ಕೆಲಸ ಇಲ್ಲವಾ ಅಂತ ಹೊಸದಾಗಿ ಬಾಡಿಗೆಗೆ ಬಂದವರು ಗೊಣಗುತ್ತಿದ್ದರು. ಗೊಣಗಲಿ ಬಿಡಿ. ಅವಳು ಪಟ್ಟ ಪಾಡು ಅವರಿಗೇನು ಗೊತ್ತು!

ಅವಳಿಗೆ ಹುಟ್ಟಿದ ಮೊದಲ ಎರಡು ಕೂಸುಗಳೂ ವರ್ಷ ತುಂಬುವ ಮೊದಲೇ ಹೋಗಿಬಿಟ್ಟಿದ್ದವು. ಎಪ್ಪತ್ತೈದನೇ ಇಸವಿಯಲ್ಲಿ ಮೂರನೆಯದು ಹುಟ್ಟಿದಾಗ ಅತ್ತೆ ಹನುಮಕ್ಕ ಹಟ ಹಿಡಿದು, ಕೂಸನ್ನು ಮೊರದಲ್ಲಿ ಮಲಗಿಸಿ, ಒಂದು ಹಿಡಿ ತೌಡಿಗೆ ಪಕ್ಕದ ಮನೆ ವಿಶಾಲಮ್ಮನಿಗೆ ಮಾರಿದ ಹಾಗೆ ಮಾಡಿಸಿದಳು. ತಿಪ್ಪ ಅಂತ ಹೆಸರಿಟ್ಟರು. ಮಾರಿದ ಮಗು, ಕಸದ ತಿಪ್ಪೆಯ ಹೆಸರು, ಇದರ ಮೇಲೆ ಸಾವಿನ ಕಣ್ಣು ಬೀಳೋದಿಲ್ಲ ಅನ್ನೋ ನಂಬಿಕೆ. ಎಷ್ಟೋ ಮನೆಗಳಲ್ಲಿ ಹೀಗೆ ಮಾಡಿ, ಮಾರನೇ ದಿನದಿಂದ ಎಂದಿನಂತೆ ಮುದ್ದಾಡುತ್ತಾರೆ. ಗಂಗರತ್ನಮ್ಮನಿಗೆ ಆ ಧೈರ್ಯ ಬರಲಿಲ್ಲ. ಹಾಲು ಕೊಡುವಾಗ ಗೋಡೆ ನೋಡುತ್ತಿದ್ದಳು. ನೀರು ಹಾಕುವಾಗ ತುಟಿ ಬಿಚ್ಚುತ್ತಿರಲಿಲ್ಲ. ಕೂಸು ನಕ್ಕರೆ ಮುಖ ತಿರುಗಿಸುತ್ತಿದ್ದಳು. ಮುದ್ದು ಮಾಡಿದರೆ ಇದೂ ಹೋಗುತ್ತೆ ಅನ್ನೋ ಭಯ ಅವಳನ್ನು ತಿಂದುಹಾಕಿತ್ತು.

ಕೆಲವು ತಿಂಗಳಿಗೆ ಮಗು ನಗೋದನ್ನು ಬಿಟ್ಟಿತು. ಆಮೇಲೆ ಅಳೋದನ್ನೂ ಬಿಟ್ಟಿತು. "ಎಂಥ ಸಾಧು ಮಗು!" ಅಂತ ವಠಾರವೆಲ್ಲ ಹೊಗಳಿತು. ಕರ್ಮ ನೋಡಿ!

ಎರಡು ವರ್ಷ ತುಂಬಿದರೂ ಮಾತಿಲ್ಲ, ಕರೆದರೆ ತಿರುಗಿ ನೋಡೋದಿಲ್ಲ. ಕಿವುಡೇನೋ ಅಂತ ವಿಶ್ವೇಶ್ವರಪುರಂನಲ್ಲಿದ್ದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಎಲ್ಲ ನೋಡಿ, "ಕಿವಿ ಸರಿಯಾಗಿದೆಯಮ್ಮ. ಮನೇಲಿ ಇವನ ಜೊತೆ ಮಾತಾಡೋರು ಯಾರು?" ಅಂದರು. ಅವಳು ಗೋಡೆ ನೋಡಿದಳು. ಡಾಕ್ಟರೇ ಮುಂದುವರಿಸಿದರು: "ಮೆದುಳು ಬೆಳೆಯೋದಕ್ಕೆ ಹಾಲು ಎಷ್ಟು ಬೇಕೋ ಮಾತು, ನಗು, ಮುದ್ದೂ ಅಷ್ಟೇ ಬೇಕು. ಈ ವಯಸ್ಸಲ್ಲೇ ಬೇಕು. ಇನ್ನೂ ತಡ ಮಾಡ್ಬೇಡಿ."

ಮನೆಗೆ ಬಂದವಳೇ, ಮಾರಿದ ಮಗುವನ್ನು ವಾಪಸ್ಸು ಕೊಂಡುಕೊಳ್ಳೋದಕ್ಕೆ ಮೊರದ ತುಂಬ ತೌಡು ಸುರಿದುಕೊಂಡಳು. ಹನುಮಕ್ಕ ಬಾಗಿಲಿಗೆ ಅಡ್ಡ ನಿಂತಳು. "ಇದನ್ನೂ ಮಣ್ಣು ಮಾಡ್ಬೇಕು ಅಂತಿದೀಯೇನೇ?"

"ಬದುಕಿರೋನನ್ನೇ ಮಣ್ಣು ಮಾಡ್ತಿದೀವಿ ಅತ್ತೆ. ದಾರಿ ಬಿಡಿ."

ವಿಶಾಲಮ್ಮ ಮೊರ ಇಸಕೊಂಡು ಕಣ್ಣೊರೆಸಿಕೊಂಡಳು. "ಕರ್ಕೊಂಡ್ಹೋಗೇ ತಾಯಿ. ನಿನ್ನ ಮಗ ನಿಂಗೇ."

ಆದರೆ ಮಾತಾಡೋದು ಏನಂತ? ಅವಳಿಗೆ ಅಭ್ಯಾಸವೇ ತಪ್ಪಿಹೋಗಿತ್ತು. ಅಕ್ಕಿ ಆರಿಸುತ್ತ ಅಕ್ಕಿಯ ಮಾತು, ನಲ್ಲಿ ಬಂದರೆ ನಲ್ಲಿಯ ಮಾತು. ಮಗು ಗೋಡೆ ನೋಡುತ್ತಿತ್ತು, ಅವಳೇ ಕಲಿಸಿದ ಹಾಗೆ. ಅಷ್ಟರಲ್ಲಿ ಅದಕ್ಕೆ ಜ್ವರ ಬಂತು. ನಾನು ಬಡ್ಕೊಂಡೆ, ಕೇಳಿದೆಯಾ ಅಂತ ಹನುಮಕ್ಕ ರಂಪ ಮಾಡಿದಳು. ಆದರೂ ಗಂಗರತ್ನಮ್ಮ ಮಗುವನ್ನು ಮಡಿಲಿಂದ ಇಳಿಸಲಿಲ್ಲ, "ಕಂದಾ, ನನ್ನ ಚಿನ್ನ" ಅನ್ನೋದನ್ನು ನಿಲ್ಲಿಸಲಿಲ್ಲ. ಜ್ವರ ಇಳಿಯಿತು.

ತಿಪ್ಪನಿಗೆ ಮಾತು ಬಂದದ್ದು ತೀರ ತಡವಾಗಿ. ಸ್ಕೂಲಿನಲ್ಲೂ ಹಿಂದೆಯೇ ಉಳಿದ. ಕಳೆದುಹೋದ ಆ ಎರಡು ವರ್ಷ ಪೂರ್ತಿ ವಾಪಸ್ಸು ಬರಲಿಲ್ಲ, ಆ ಸಂಕಟ ಅವಳನ್ನು ಯಾವತ್ತೂ ಬಿಡಲಿಲ್ಲ. ಆದರೆ ಜ್ವರ ಬಿಟ್ಟ ಮೇಲಿನ ಒಂದು ಬೆಳಗ್ಗೆಯನ್ನೂ ಅವಳು ಮರೆಯಲಿಲ್ಲ.

ಅವತ್ತು ಕೊಡ ಹಿಡಿದು ಬೀದಿ ನಲ್ಲಿಗೆ ಹೊರಟಿದ್ದಳು. ಹೊಸ್ತಿಲು ದಾಟಿದ್ದೇ ತಡ, ಒಳಗಿಂದ ಕಿಟಾರನೆ ಕಿರುಚಿ ಅಳೋ ಸದ್ದು. ವಠಾರದ ಬಾಗಿಲುಗಳೆಲ್ಲ ತೆರೆದವು. ಆ ಧ್ವನಿಯ ಗುರುತು ಅಲ್ಲಿ ಯಾರಿಗೂ ಸಿಗಲಿಲ್ಲ.

"ಯಾರ ಮಗುನೇ ಅದು?" ವಿಶಾಲಮ್ಮ ಕೂಗಿ ಕೇಳಿದಳು.

ಕೊಡವನ್ನು ಅಲ್ಲೇ ಬಿಸಾಕಿ ಗಂಗರತ್ನಮ್ಮ ಒಳಗೆ ಓಡಿದಳು. "ನಂದು ಕಣ್ರೀ ವಿಶಾಲಮ್ಮ! ನಾನು ಬಿಟ್ಟು ಹೋದೆ ಅಂತ ಅಳ್ತಿದಾನೆ!"