ವಾಯುವ್ಯದ ರೂಮು

ನಮ್ಮ ಮನೆಯ ಹಿರಿಯರೊಬ್ಬರನ್ನು ನಾವು ಹೊರಗೆ ಕಳಿಸಿದ್ದು ದಿಕ್ಕು ನೋಡಿಕೊಂಡು. ಜಗಳವಿಲ್ಲ, ಬೈಗುಳವಿಲ್ಲ. ಎಲ್ಲರೂ ಕೂತು ಕಾಫಿ ಕುಡಿಯುತ್ತಲೇ ಕೆಲಸ ಮುಗಿಸಿದೆವು.

ಶಿಡ್ಲಘಟ್ಟದ ಪೇಟೆಯಲ್ಲಿ ನಮ್ಮ ಮಾವನವರ ಕಾಲದ ಮನೆಯಿದೆ. ರಿಪೇರಿ ಮಾಡಿಸಿ ಎಲ್ಲರೂ ಅಲ್ಲೇ ಒಟ್ಟಿಗೆ ಇರೋಣ ಎಂದು ತೀರ್ಮಾನವಾಯಿತು. (ಈ ಕಾಲದಲ್ಲೂ ಒಟ್ಟು ಕುಟುಂಬವೇ ಎಂದು ನೆಂಟರು ಹೊಗಳಿದ್ದೇ ಹೊಗಳಿದ್ದು.) ನಾನು, ನಮ್ಮ ಯಜಮಾನರು, ಮಕ್ಕಳು, ಮೈದುನ ಮಂಜುನಾಥನ ಸಂಸಾರ, ಮತ್ತು ರತ್ನಕ್ಕ.

ಅಕ್ಕ ನನ್ನ ಹಿರಿಯ ಓರಗಿತ್ತಿ. ಮಕ್ಕಳಿಲ್ಲ. ಭಾವನವರು ತೀರಿಕೊಂಡ ಮೇಲೂ ಮನೆ ಬಿಡದೆ, ಹಾಸಿಗೆ ಹಿಡಿದ ಅತ್ತೆಯ ಸೇವೆಯನ್ನು ಕೊನೆಯವರೆಗೂ ಮಾಡಿದವರು. ಅವರು ಮಲಗುತ್ತಿದ್ದುದು ನೈರುತ್ಯದ ದೊಡ್ಡ ರೂಮಿನಲ್ಲಿ.

ಪ್ಲಾನ್ ರೆಡಿಯಾಯಿತು. ವಾಸ್ತುವಿನವರು ಬಂದು ಮೊಬೈಲಿನಲ್ಲಿ ದಿಕ್ಕು ನೋಡಿದರು. "ನೈರುತ್ಯದಲ್ಲಿ ಯಜಮಾನ್ರು ಮಲಗ್ಬೇಕು ಸಾರ್. ಇಲ್ಲಾಂದ್ರೆ ಮನೆ ಏಳಿಗೆ ಆಗಲ್ಲ."

ಯಜಮಾನರು ಯಾರು? ಭಾವನವರಿಲ್ಲ. ಹಾಗಾದರೆ ನಮ್ಮವರೇ. ಅಂದರೆ ಆ ರೂಮು ನನಗೆ.

"ಮತ್ತೆ ಅತ್ತಿಗೆಗೆ?" ಎಂದ ಮಂಜುನಾಥ.

"ವಾಯುವ್ಯದಲ್ಲಿ ಒಂದು ರೂಮೈತಲ್ಲ, ಗಾಳಿ ಚೆನ್ನಾಗಿ ಬರ್ತದೆ" ಎಂದರು ವಾಸ್ತುವಿನವರು.

ಎಲ್ಲರೂ ತಲೆಯಾಡಿಸಿದೆವು. ಅಟ್ಯಾಚ್ಡ್ ಬಾತ್‌ರೂಮ್ ಹಾಕಿಸೋಣ, ಟೈಲ್ಸ್ ಬಣ್ಣ ನೀವೇ ಹೇಳಿ ಅಕ್ಕ ಎಂದು ನಾನು ಧಾರಾಳತನ ಮೆರೆದೆ.

ಅಕ್ಕ ಕಾಫಿ ಲೋಟಗಳನ್ನು ಎತ್ತುತ್ತಿದ್ದರು. "ಸುಜಾತನ್ನ ಮಲಗಿಸಿದ್ರಲ್ಲ, ಅದೇ ರೂಮಾ?"

ಸುಜಾತ ನನ್ನ ನಾದಿನಿ. ಅವಳಿಗೆ ಮದುವೆ ಕೂಡಿಬರದಿದ್ದಾಗ ಯಾರೋ ಹೇಳಿದರೆಂದು ಅವಳ ಮಂಚವನ್ನು ಆ ರೂಮಿಗೆ ಹಾಕಿದ್ದೆವು. ವಾಯುವ್ಯದಲ್ಲಿ ಮಲಗಿದವರು ಮನೆಯಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲವಂತೆ. ಅದಕ್ಕೇ ಮದುವೆ ವಯಸ್ಸಿಗೆ ಬಂದ ಹೆಣ್ಣುಮಕ್ಕಳನ್ನೂ ಬಂದುಹೋಗುವ ನೆಂಟರನ್ನೂ ಅಲ್ಲಿ ಮಲಗಿಸುವುದು. ಸುಜಾತ ಅದೇ ವರ್ಷ ಗಂಡನ ಮನೆ ಸೇರಿದಳು.

"ಅವಳಿಗೇನೋ ಗಂಡನ ಮನೆ ಇತ್ತು. ನಾನೆಲ್ಲಿಗೆ ಹೋಗ್ಲಪ್ಪ?" ಎಂದರು ಅಕ್ಕ, ಮಂಜುನಾಥನ ಕಡೆ ತಿರುಗಿ.

ಮಂಜುನಾಥ ಪ್ಲಾನ್ ಮಡಚಿಟ್ಟ. ವಾಸ್ತುವಿನವರು ಚಪ್ಪಲಿ ಮೆಟ್ಟಿಕೊಂಡರು. ನಾನಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ದೊಡ್ಡ ರೂಮು, ಎರಡು ಕಿಟಕಿ. ಆಸೆಯಾಗಿತ್ತು, ಇನ್ನೇನು?

ಗೃಹಪ್ರವೇಶವಾದ ಮಾರನೇ ವಾರ ಅಕ್ಕ ಕೆಂಚಾರ್ಲಹಳ್ಳಿಯ ತಮ್ಮನ ಮನೆಗೆ ಹೊರಟರು. "ರೇಷ್ಮೆ ಹುಳ ಹಣ್ಣಾಗ್ತಾ ಅವೆ, ಗೂಡು ಕಟ್ಟೋ ಹೊತ್ತು, ಕೈ ಸಾಲ್ದು ಅಂತಾನೆ. ಗೂಡು ಮಾರಿದ್ಮೇಲೆ ಬರ್ತೀನಿ ಕಣಮ್ಮ."

ಗೂಡು ನಮ್ಮೂರಿನ ಮಾರ್ಕೆಟ್ಟಿಗೇ ಬಂತು. ತಂದಿದ್ದ ತಮ್ಮ ನಮ್ಮಲ್ಲೇ ಊಟ ಮಾಡಿ, ಕೈ ತೊಳೆದು, "ಅಕ್ಕ ಇನ್ಮೇಲೆ ಅಲ್ಲೇ ಇರ್ತಾಳಂತೆ. ಅವಳ ಟ್ರಂಕ್ ತಗೊಂಡು ಬಾ ಅಂದವ್ಳೆ" ಎಂದ. ನಾನೇ ಎತ್ತಿಕೊಟ್ಟೆ. ಸಂಕಟವಾಯಿತು, ಆದರೂ ಕೊಟ್ಟೆ.

ಈಗ ಮನೆ ನೋಡಲು ಬಂದವರೆಲ್ಲ, ವಾಸ್ತು ನಿಜಕ್ಕೂ ಫಲಿಸುತ್ತದೆಯೇ ಎಂದು ಕೇಳುತ್ತಾರೆ. ಇಲ್ಲವೆಂದು ನಾನು ಯಾವ ಬಾಯಲ್ಲಿ ಹೇಳಲಿ?